ಶುಶ್ರೂಷಾ ಸಂಶೋಧನೆ: ಏಣಿಯ ನಡುಮೆಟ್ಟಿಲು ಎಲ್ಲಿ?

ಅವಧಿಗೆ ಮುನ್ನ ಹುಟ್ಟಿದ, ಒಂದೂವರೆ ಕಿಲೋಗ್ರಾಂ ಕೂಡ ತೂಗದ ಕೂಸನ್ನು ಎಷ್ಟು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕು? ತೂಕ ಸುಮಾರು 2,200 ಗ್ರಾಂ ಆಗುವವರೆಗೆ ಎಂಬುದು 1980ರ ದಶಕದ ಆರಂಭದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿದ್ದ ವಾಡಿಕೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಶುಶ್ರೂಷಾ ವಿಜ್ಞಾನಿ ಡೊರೊಥಿ ಬ್ರೂಟನ್ ಮತ್ತು ಅವರ ಸಂಗಡಿಗರು ಈ ವಾಡಿಕೆಯನ್ನು ಪ್ರಶ್ನಿಸಿದರು. ಅವರು 79 ಶಿಶುಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿನ ಮಕ್ಕಳನ್ನು ವಾಡಿಕೆಯಂತೆ ನೋಡಿಕೊಳ್ಳಲಾಯಿತು. ಇನ್ನೊಂದು ಗುಂಪಿನ ಮಕ್ಕಳನ್ನು, ಆರೋಗ್ಯ ಸ್ಥಿರವಾಗಿದೆ ಎಂದು ಕಂಡೊಡನೆ, ತೂಕಕ್ಕೆ ಕಾಯದೆ ಮನೆಗೆ ಕಳುಹಿಸಲಾಯಿತು. ವಿಶೇಷ ತರಬೇತಿ ಪಡೆದ ದಾದಿಯೊಬ್ಬರು ಆ ಮನೆಗಳಿಗೆ ಹೋಗಿ, ತಾಯಂದಿರಿಗೆ ದೂರವಾಣಿಯಲ್ಲಿ ಸದಾ ಸಿಗುವಂತಿದ್ದು, 18 ತಿಂಗಳ ಕಾಲ ಅವರ ಬೆನ್ನಿಗೆ ನಿಂತರು. ಫಲಿತಾಂಶ 1986ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಮಕ್ಕಳು ಸರಾಸರಿ 11 ದಿನ ಮೊದಲೇ ಮನೆ ಸೇರಿದ್ದವು. ಮತ್ತೆ ಆಸ್ಪತ್ರೆ ಸೇರುವುದರಲ್ಲಾಗಲೀ ಬೆಳವಣಿಗೆಯಲ್ಲಾಗಲೀ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮಗುವೊಂದಕ್ಕೆ 18,560 ಡಾಲರ್ ಉಳಿತಾಯವಾಗಿತ್ತು.

ಅದೇ ವಿಶ್ವವಿದ್ಯಾಲಯದ ಮೇರಿ ನೇಲರ್ ಈ ಮಾದರಿಯನ್ನು ವೃದ್ಧ ರೋಗಿಗಳಿಗೆ ಅಳವಡಿಸಿದರು. ಅವರ ಒಂದು ಪ್ರಬಂಧ 1994ರಲ್ಲಿ ಬಂತು. 65 ದಾಟಿದ 363 ರೋಗಿಗಳ ಮೇಲಿನ ಪ್ರಯೋಗ 1999ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಿಂದ ಬಿಡುಗಡೆಯಾದ 24 ವಾರಗಳೊಳಗೆ ಮತ್ತೆ ದಾಖಲಾದವರ ಪ್ರಮಾಣ ಸಾಮಾನ್ಯ ಆರೈಕೆಯ ಗುಂಪಿನಲ್ಲಿ ಶೇ. 37.1 ಇದ್ದರೆ, ದಾದಿಯ ಅನುಸರಣೆ ಪಡೆದ ಗುಂಪಿನಲ್ಲಿ ಶೇ. 20.3 ಮಾತ್ರ ಇತ್ತು. 2004ರಲ್ಲಿ ಹೃದಯ ವೈಫಲ್ಯದ 239 ರೋಗಿಗಳ ಮೇಲಿನ ಮೂರನೆಯ ಪ್ರಯೋಗ ಹೊರಬಂತು. 1986ರಿಂದ 2004ರವರೆಗೆ ಹದಿನೆಂಟು ವರ್ಷ ಒಂದೇ ಪ್ರಶ್ನೆಯ ಎಳೆ ಹಿಡಿದು ನಡೆದ ಕೆಲಸ ಇದು.

ಈ ಹದಿನೆಂಟು ವರ್ಷಗಳು ಸಂಶೋಧಕರೊಬ್ಬರ ಬದುಕಿನ ಯಾವ ಭಾಗದಲ್ಲಿ ಬರುತ್ತವೆ? ಪಿಎಚ್.ಡಿ. ಮುಗಿಸಿದ ಹೊಸತರಲ್ಲಲ್ಲ, ನಿವೃತ್ತಿಯ ಅಂಚಿನಲ್ಲೂ ಅಲ್ಲ, ನಟ್ಟನಡುವೆ. ಶುಶ್ರೂಷಾ ಸಂಶೋಧನೆಗೆ ಜಗತ್ತಿನಲ್ಲಿ ದೊರೆಯುತ್ತಿರುವ ಪ್ರೋತ್ಸಾಹ ಅತ್ಯಂತ ತೆಳುವಾಗಿರುವುದು ಈ ನಡುಘಟ್ಟದಲ್ಲೇ. ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಗಟ್ಟಿಯಾಗಿ ಕಟ್ಟಿದ್ದೇವೆ. ತುದಿಯಲ್ಲಿ ಸನ್ಮಾನದ ಪೀಠವನ್ನೂ ಇಟ್ಟಿದ್ದೇವೆ. ನಡುಮೆಟ್ಟಿಲನ್ನು ಮಾತ್ರ ಮರೆತಿದ್ದೇವೆ. ಪ್ರೋತ್ಸಾಹ ಯೋಜನೆಗಳ ಈ ರಚನಾದೋಷವನ್ನು ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೀರ್ಘಕಾಲ ಕೇಳುವ ಪ್ರಶ್ನೆಗಳು

'ದಾದಿಯರಿಗೆ ಸಂಶೋಧನೆ ಏಕೆ? ವೈದ್ಯರು ಹೇಳಿದ್ದನ್ನು ಮಾಡಿದರೆ ಸಾಲದೆ?' ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲೂ ಕೇಳುತ್ತೇವೆ. ಇದಕ್ಕೆ ಲಿಂಡಾ ಏಕೆನ್ ಅವರ ಕೆಲಸ ಸಮರ್ಪಕ ಉತ್ತರ. ಇವರೂ ಮೂಲತಃ ದಾದಿ. ಪ್ರತಿಷ್ಠಾನವೊಂದರಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು, 1980ರ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿದವರು.

2002ರಲ್ಲಿ ಅವರ ತಂಡ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಅಧ್ಯಯನವನ್ನು ಪ್ರಕಟಿಸಿತು. 2,32,342 ಶಸ್ತ್ರಚಿಕಿತ್ಸಾ ರೋಗಿಗಳ ದಾಖಲೆ ಮತ್ತು 10,184 ದಾದಿಯರ ಉತ್ತರಗಳು ಅದಕ್ಕೆ ಆಧಾರ. ಒಬ್ಬ ದಾದಿಯ ಪಾಲಿಗೆ ಬರುವ ರೋಗಿಗಳ ಸಂಖ್ಯೆ ಒಂದು ಹೆಚ್ಚಿದರೆ, 30 ದಿನಗಳೊಳಗೆ ರೋಗಿ ಸಾಯುವ ಸಂಭವಾನುಪಾತ ಶೇ. 7ರಷ್ಟು ಏರುತ್ತದೆ ಎಂದು ಕಂಡುಬಂತು. ಸಂಭವಾನುಪಾತ ಎಂದರೆ ಸತ್ತವರ ಸಂಖ್ಯೆಯನ್ನು ಬದುಕುಳಿದವರ ಸಂಖ್ಯೆಯಿಂದ ಭಾಗಿಸಿದಾಗ ದೊರೆಯುವ ಅಂಕಿ. ವಿದ್ಯಾರ್ಥಿಗಳು ಇಲ್ಲೊಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ದಾದಿಯೊಬ್ಬರಿಗೆ ನಾಲ್ಕರ ಬದಲು ಎಂಟು ರೋಗಿಗಳಿದ್ದರೆ 1.07 ಅನ್ನು ನಾಲ್ಕು ಬಾರಿ ಗುಣಿಸಬೇಕು. ಉತ್ತರ ಸುಮಾರು 1.31, ಅಂದರೆ ಶೇ. 31ರಷ್ಟು ಏರಿಕೆ. ರೋಗಿಯ ವಯಸ್ಸು, ಕಾಯಿಲೆಯ ತೀವ್ರತೆ, ಆಸ್ಪತ್ರೆಯ ಗಾತ್ರ, ತಂತ್ರಜ್ಞಾನ ಇವುಗಳ ಪ್ರಭಾವವನ್ನು ಕಳೆದ ಮೇಲೂ ಉಳಿದ ವ್ಯತ್ಯಾಸ ಇದು.

ಇದು ಒಂದೇ ಸಲಕ್ಕೆ ಕೈಗೆ ಬಂದ ಫಲವಲ್ಲ. ಅದಕ್ಕೂ ಮೊದಲು 1994ರಲ್ಲಿ ಏಕೆನ್, ಉತ್ತಮ ಶುಶ್ರೂಷಾ ವ್ಯವಸ್ಥೆಗೆ ಹೆಸರಾಗಿದ್ದ 39 ಆಸ್ಪತ್ರೆಗಳ ಮರಣಪ್ರಮಾಣವನ್ನು ಇತರ 195 ಆಸ್ಪತ್ರೆಗಳೊಂದಿಗೆ ಹೋಲಿಸಿದ್ದರು. 2003ರಲ್ಲಿ ದಾದಿಯರ ವಿದ್ಯಾರ್ಹತೆಯ ಪ್ರಶ್ನೆ ಬಂತು. ಆಸ್ಪತ್ರೆಯಲ್ಲಿ ಪದವೀಧರ ದಾದಿಯರ ಪ್ರಮಾಣ ಶೇ. 10ರಷ್ಟು ಹೆಚ್ಚಿದ್ದರೆ ಸಾವಿನ ಸಂಭವಾನುಪಾತ ಶೇ. 5ರಷ್ಟು ಕಡಿಮೆ ಇತ್ತು. 2014ರಲ್ಲಿ ಯೂರೋಪಿನ 9 ದೇಶಗಳ 300 ಆಸ್ಪತ್ರೆಗಳಿಗೆ ಅಧ್ಯಯನ ಹಬ್ಬಿತು. 4,22,730 ರೋಗಿಗಳ ದಾಖಲೆಯಲ್ಲೂ ಅದೇ ಶೇ. 7 ಕಾಣಿಸಿತು.

ಇವೆಲ್ಲ ವೀಕ್ಷಣಾ ಅಧ್ಯಯನಗಳು. ಇಲ್ಲಿ ಕಂಡದ್ದು ಸಂಬಂಧ ಮಾತ್ರವೇ, ಕಾರಣವೂ ಹೌದೇ ಎಂದು ಕೇಳುವುದು ನ್ಯಾಯ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2016ರಲ್ಲಿ ದಾದಿ-ರೋಗಿ ಅನುಪಾತವನ್ನು ಕಾನೂನಿನಿಂದ ನಿಗದಿಗೊಳಿಸಿದಾಗ ಇದನ್ನು ಪರೀಕ್ಷಿಸುವ ಅವಕಾಶ ಒದಗಿತು. ಏಕೆನ್ ಅವರ ಸಹೋದ್ಯೋಗಿ ಮ್ಯಾಥ್ಯೂ ಮೆಕ್‌ಹ್ಯೂ ಮತ್ತಿತರರು ಕಾನೂನಿಗೆ ಒಳಪಟ್ಟ 27 ಮತ್ತು ಒಳಪಡದ 28 ಆಸ್ಪತ್ರೆಗಳನ್ನು, ಕಾನೂನಿನ ಮೊದಲು ಮತ್ತು ಅನಂತರ, ಹೋಲಿಸಿದರು. ಸಾವು, ಮರುದಾಖಲಾತಿ, ಆಸ್ಪತ್ರೆಯ ವಾಸ ಈ ಮೂರರಲ್ಲೂ ಸುಧಾರಣೆ ಕಂಡುಬಂತು. ಹೆಚ್ಚುವರಿ ದಾದಿಯರಿಗೆ ಆದ ಖರ್ಚಿನ ಎರಡು ಪಟ್ಟಿಗೂ ಮೀರಿ ಉಳಿತಾಯವಾಗಿದೆ ಎಂದು 2021ರ ಅವರ ಪ್ರಬಂಧ ಲೆಕ್ಕ ಹಾಕಿತು. 1994ರಿಂದ 2021ಕ್ಕೆ 27 ವರ್ಷ. ಒಂದು ಹೋಲಿಕೆಯಿಂದ ಆರಂಭವಾದ ಪ್ರಶ್ನೆ ಕಾನೂನಿನ ಪರೀಕ್ಷೆಯವರೆಗೆ ಬರಲು ಇಷ್ಟು ಕಾಲ ಹಿಡಿಯಿತು.

ಶುಶ್ರೂಷಾ ಸಂಶೋಧನೆಯ ಸ್ವಭಾವವೇ ಇಂಥದು. ಪ್ರಯೋಗಶಾಲೆಯ ಪಾತ್ರೆಯಲ್ಲಿ ಒಂದು ರಾತ್ರಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಇಲ್ಲಿಲ್ಲ. ರೋಗಿ ಮನೆಗೆ ಹೋಗಿ ಆರು ತಿಂಗಳು ಕಳೆದ ಮೇಲೆ ಹೇಗಿದ್ದಾನೆ ಎಂದು ನೋಡಬೇಕು. ಆಸ್ಪತ್ರೆಗಳ ಆಡಳಿತದ ವಿಶ್ವಾಸ ಗಳಿಸಬೇಕು. ಇದಕ್ಕೆ ವಾರ್ಡಿನ ಅನುಭವವೂ ಬೇಕು, ವಿಧಾನದ ಹಿಡಿತವೂ ಬೇಕು. ಇವೆರಡೂ ಒಬ್ಬರಲ್ಲಿ ಕೂಡಿ ಬರುವುದು ನಡುವಯಸ್ಸಿನಲ್ಲಿ.

ತಡವಾಗಿ ಹೊರಡುವ ಬಂಡಿ

ಭೌತವಿಜ್ಞಾನದ ವಿದ್ಯಾರ್ಥಿ ಎಂ.ಎಸ್ಸಿ. ಮುಗಿಸಿದೊಡನೆ ಸಂಶೋಧನೆಗೆ ಸೇರಿ, ಮೂವತ್ತರ ಒಳಗೆ ಪಿಎಚ್.ಡಿ. ಪಡೆಯುವುದು ಸಾಮಾನ್ಯ. ದಾದಿಯ ಹಾದಿ ಬೇರೆ. ಪದವಿಯ ನಂತರ ಕೆಲವು ವರ್ಷ ವಾರ್ಡಿನ ಸೇವೆ, ಆಮೇಲೆ ಸ್ನಾತಕೋತ್ತರ ಪದವಿ, ಬೋಧನೆ, ಸಂಸಾರ, ಮಕ್ಕಳು, ಹಿರಿಯರ ಆರೈಕೆ. ಇವುಗಳ ನಡುವೆ ಪಿಎಚ್.ಡಿ. ಮುಗಿಯುವಾಗ ಹಲವರಿಗೆ ನಲವತ್ತು ದಾಟಿರುತ್ತದೆ. ಅಮೆರಿಕದಲ್ಲಿಯೂ ಇದೇ ಪರಿಸ್ಥಿತಿ.

ಈ ವಿಳಂಬವನ್ನು ನಾವು ಕೊರತೆಯೆಂದು ಎಣಿಸುತ್ತೇವೆ. ಹಾಸಿಗೆಯ ಪಕ್ಕ ಕಳೆದ ಹತ್ತು ವರ್ಷಗಳನ್ನು ಸಂಶೋಧನೆಯ ಲೆಕ್ಕದಲ್ಲಿ ಸೊನ್ನೆ ಎಂದು ಬರೆಯುತ್ತೇವೆ. ವಾಸ್ತವವಾಗಿ ಪ್ರಶ್ನೆಗಳು ಹುಟ್ಟುವುದು ಅಲ್ಲಿಯೇ. ನೆಬ್ರಾಸ್ಕದ ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಮತ್ತು ಬಾರ್ಬರಾ ಬ್ರೇಡನ್ ಎಂಬ ಶುಶ್ರೂಷಾ ವಿಜ್ಞಾನಿಗಳು, ಹಾಸಿಗೆ ಹಿಡಿದ ರೋಗಿಗಳಲ್ಲಿ ಒತ್ತಡದ ಹುಣ್ಣು ಆಗುವ ಅಪಾಯವನ್ನು ಮೊದಲೇ ಅಳೆಯುವ ಮಾಪಕವೊಂದನ್ನು 1987ರಲ್ಲಿ ಪ್ರಕಟಿಸಿದರು. ಸಂವೇದನೆ, ಚರ್ಮದ ತೇವ, ಚಟುವಟಿಕೆ, ಚಲನೆ, ಆಹಾರ, ಚರ್ಮಕ್ಕೆ ತಗಲುವ ಉಜ್ಜಾಟ ಎಂಬ ಆರು ಅಂಶಗಳಿಗೆ ಅಂಕ ಕೊಡುವ ವಿಧಾನ ಅದು. ಒಟ್ಟು ಅಂಕ 6ರಿಂದ 23ರವರೆಗೆ. ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಇಂದು ಲೋಕದ ಅನೇಕ ಆಸ್ಪತ್ರೆಗಳು ಬಳಸುವ ಬ್ರೇಡನ್ ಮಾಪಕ ಇದೇ. ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವ ಕೆಲಸ ಬಲ್ಲವರಿಗೆ ಹೊಳೆಯುವ ಆರು ಅಂಶಗಳು ಇವು.

ಮೆಟ್ಟಿಲುಗಳ ಪರಿಶೀಲನೆ

ಶುಶ್ರೂಷಾ ಸಂಶೋಧನೆಗೆ ಸರ್ಕಾರದ ಹಣದಿಂದ ನಡೆಯುವ ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿದ ದೇಶ ಅಮೆರಿಕ. ಆದ್ದರಿಂದ ಅಲ್ಲಿಯ ವ್ಯವಸ್ಥೆಯನ್ನೇ ಮೊದಲು ನೋಡುವುದು ಸರಿ. ಅಧ್ಯಕ್ಷ ರೇಗನ್ ಅವರ ನಿರಾಕರಣೆಯನ್ನು ಮೀರಿ ಅಲ್ಲಿಯ ಸಂಸತ್ತು 1985ರಲ್ಲಿ ಅಂಗೀಕರಿಸಿದ ಕಾಯಿದೆಯ ಫಲವಾಗಿ, ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ಒಳಗೆ 1986ರಲ್ಲಿ ಶುಶ್ರೂಷಾ ಸಂಶೋಧನೆಯ ಕೇಂದ್ರ ಸ್ಥಾಪನೆಯಾಯಿತು. 1993ರಲ್ಲಿ ಅದು ಪೂರ್ಣ ಸಂಸ್ಥೆಯಾಯಿತು. ನೇಲರ್ ಅವರ ಪ್ರಯೋಗಗಳಿಗೆ ನೆರವಾದ ಸಂಸ್ಥೆ ಇದೇ. ಆದರೆ 2023ರಲ್ಲಿ ಇದರ ಪಾಲಿಗೆ ಬಂದದ್ದು ಸುಮಾರು 20 ಕೋಟಿ ಡಾಲರ್; ಎನ್‌ಐಎಚ್‌ನ ಒಟ್ಟು ಆಯವ್ಯಯ ಸುಮಾರು 4,700 ಕೋಟಿ ಡಾಲರ್. ಸಾವಿರ ಡಾಲರಿಗೆ ನಾಲ್ಕು ಡಾಲರ್ ಎಂದಾಯಿತು. 2026ರ ಹಣಕಾಸು ವರ್ಷಕ್ಕಾಗಿ ಅಧ್ಯಕ್ಷರ ಆಡಳಿತ 2025ರಲ್ಲಿ ಮಂಡಿಸಿದ ಪ್ರಸ್ತಾವದಲ್ಲಿ ಈ ಸಂಸ್ಥೆಯನ್ನೇ ರದ್ದುಪಡಿಸುವ ಸಲಹೆ ಇತ್ತು. ಆಸರೆ ಎಷ್ಟು ಅಸ್ಥಿರ ಎಂಬುದಕ್ಕೆ ಇಷ್ಟು ಸಾಕು.

ಹಣ ಕಡಿಮೆ ಎಂಬುದು ಒಂದು ಮಾತು. ಅದನ್ನು ಯಾರಿಗೆ ಯಾವಾಗ ಕೊಡುತ್ತಾರೆ ಎಂಬುದು ಇನ್ನೊಂದು. ಎನ್‌ಐಎಚ್ ಕೊನೆಯ ಪದವಿ ಪಡೆದು ಹತ್ತು ವರ್ಷ ದಾಟದ, ಇನ್ನೂ ದೊಡ್ಡ ಅನುದಾನ ಪಡೆಯದ ಸಂಶೋಧಕರಿಗೆ ವಿಶೇಷ ಆದ್ಯತೆ ನೀಡುತ್ತದೆ. ವಯಸ್ಸನ್ನು ಬಿಟ್ಟು ಪದವಿಯ ವರ್ಷವನ್ನು ಎಣಿಸುವುದರಿಂದ ತಡವಾಗಿ ಬಂದ ದಾದಿಗೂ ಇದರಲ್ಲಿ ನ್ಯಾಯವಿದೆ. ಇದು ಮೆಚ್ಚತಕ್ಕ ಅಂಶ. ಆದರೆ ಮೊದಲ ಅನುದಾನ ಕೈಸೇರಿದೊಡನೆ ಆದ್ಯತೆ ಮುಗಿಯುತ್ತದೆ. ಮೊದಲ ಐದು ವರ್ಷದ ಕೆಲಸ ಹೊಸ ಪ್ರಶ್ನೆಗಳನ್ನು ತೆರೆದಿಟ್ಟಾಗ, ಆಕೆ ದೊಡ್ಡ ಪ್ರಯೋಗಶಾಲೆಗಳ ಹಿರಿಯ ಪ್ರಾಧ್ಯಾಪಕರೊಂದಿಗೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಈ ಕಷ್ಟ ದಾದಿಯರದು ಮಾತ್ರವಲ್ಲ. 2017ರಲ್ಲಿ ಎನ್‌ಐಎಚ್ ಮುಂದಿನ ಪೀಳಿಗೆಯ ಸಂಶೋಧಕರಿಗಾಗಿ ಕಾರ್ಯಕ್ರಮ ಪ್ರಕಟಿಸಿದಾಗ ನಡುಘಟ್ಟದವರ ಇಕ್ಕಟ್ಟನ್ನೂ ಒಪ್ಪಿಕೊಂಡಿತು. ಇರುವ ಅನುದಾನ ಮುಗಿದು ಹೊಸದು ಸಿಗದಿದ್ದರೆ ಬರಿಗೈಯಾಗುವವರನ್ನು ಪ್ರತ್ಯೇಕವಾಗಿ ಗುರುತಿಸುವ ಪದ್ಧತಿಯೂ ಮುಂದೆ ಬಂತು. ಬಿದ್ದವರನ್ನು ಹಿಡಿಯುವ ಬಲೆ ಇದು, ಹತ್ತುವ ಮೆಟ್ಟಿಲಲ್ಲ.

ಎನ್‌ಐಎಚ್‌ನಲ್ಲಿ ಕೆ-24 ಎಂಬ ನಡುಘಟ್ಟದ ಪ್ರಶಸ್ತಿಯೊಂದು ಇದೆ. ರೋಗಿಗಳನ್ನು ಕುರಿತ ಸಂಶೋಧನೆ ನಡೆಸುವವರ ದುಡಿಮೆಯ ಸಮಯದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಸಂಶೋಧನೆಗೂ ಕಿರಿಯರ ಮಾರ್ಗದರ್ಶನಕ್ಕೂ ಮೀಸಲಿಡಲು ಇದು ಸಂಬಳ ಕೊಡುತ್ತದೆ. ಹಣಕ್ಕಿಂತ ಸಮಯ ಮುಖ್ಯ ಎಂಬುದನ್ನು ಇದರ ರೂಪವೇ ಒಪ್ಪಿಕೊಂಡಿದೆ. ದೋಷವಿರುವುದು ಷರತ್ತಿನಲ್ಲಿ. ಅರ್ಜಿ ಹಾಕುವವರ ಕೈಯಲ್ಲಿ ಆಗಲೇ ಸ್ವತಂತ್ರ ಸಂಶೋಧನಾ ಅನುದಾನ ಇರಬೇಕು. ನೀರಿದ್ದ ಬಾವಿಗೇ ಹಗ್ಗ ಕೊಟ್ಟಂತಾಯಿತು. ಅಲ್ಲದೆ ಎನ್‌ಐಎಚ್‌ನ ಎಲ್ಲ ಸಂಸ್ಥೆಗಳೂ ಇದರಲ್ಲಿ ಪಾಲ್ಗೊಳ್ಳುವುದಿಲ್ಲ.

ಖಾಸಗಿ ದಾನನಿಧಿಗಳಲ್ಲೂ ಇದೇ ಚಿತ್ರ. ದಾದಿಯರ ವೃತ್ತಿಗೆ ಉದಾರವಾಗಿ ನೆರವಾದ ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನ 2008ರಿಂದ ಸುಮಾರು ಒಂದು ದಶಕ ಕಿರಿಯ ಶುಶ್ರೂಷಾ ಅಧ್ಯಾಪಕರಿಗೆ ಸಂಶೋಧನಾ ನೆರವು ನೀಡಿತು. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಇನ್ನೊಂದು ಕಾರ್ಯಕ್ರಮ, ಹಿರಿಯ ಆಡಳಿತಗಾರ ದಾದಿಯರಿಗೆ ಮತ್ತೊಂದು. ಆರಂಭದವರಿಗೆ ಸಂಶೋಧನೆ, ಹಿರಿಯರಿಗೆ ನಾಯಕತ್ವ; ನಡುವಿನವರಿಗೆ ಏನೂ ಇಲ್ಲ. ಈ ಖಾಲಿಯನ್ನು ತುಂಬುವ ಪ್ರಯತ್ನ 2020ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. 3.75 ಕೋಟಿ ಡಾಲರ್ ದತ್ತಿಯಿಂದ ನಡೆಯುವ ಬೆಟ್ಟಿ ಐರೀನ್ ಮೂರ್ ಫೆಲೋಶಿಪ್, ಆರಂಭ ಮತ್ತು ನಡುಘಟ್ಟದ ಶುಶ್ರೂಷಾ ವಿದ್ವಾಂಸರಿಗೆ ಮೂರು ವರ್ಷಕ್ಕೆ 4.5 ಲಕ್ಷ ಡಾಲರ್ ಕೊಡುತ್ತದೆ. ಸ್ವಾಗತಾರ್ಹವೇ ಹೌದು. ಆದರೆ ವರ್ಷಕ್ಕೆ ಆಯ್ಕೆಯಾಗುವವರು ಬೆರಳೆಣಿಕೆಯಷ್ಟು. ಅವಧಿ ಮೂರೇ ವರ್ಷ. ಬ್ರೂಟನ್-ನೇಲರ್ ಸರಣಿಗೆ ಹಿಡಿದ ಹದಿನೆಂಟು ವರ್ಷಗಳ ಎದುರು ಇದನ್ನು ಇಟ್ಟು ನೋಡಬೇಕು.

ಬ್ರಿಟನ್ನಿನಲ್ಲಿ 2007ರಲ್ಲಿ ಜ್ಯಾನೆಟ್ ಫಿಂಚ್ ಅಧ್ಯಕ್ಷತೆಯ ಸಮಿತಿ, ದಾದಿಯರು ವಾರ್ಡನ್ನೂ ಬಿಡದೆ ಸಂಶೋಧನೆಯನ್ನೂ ಬಿಡದೆ ಬೆಳೆಯುವ ಹಂತಹಂತದ ಹಾದಿಯನ್ನು ಸೂಚಿಸಿತು. ಸ್ನಾತಕೋತ್ತರ ತರಬೇತಿ, ಪಿಎಚ್.ಡಿ., ಅದರ ನಂತರ ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯ ಎರಡರಲ್ಲೂ ಕಾಲಿಟ್ಟಿರುವ ಉಪನ್ಯಾಸಕ ಹುದ್ದೆ, ಆಮೇಲೆ ಹಿರಿಯ ಉಪನ್ಯಾಸಕ ಹುದ್ದೆ. ಕಾಗದದ ಮೇಲೆ ಇದು ಅಮೆರಿಕದ್ದಕ್ಕಿಂತ ಪೂರ್ಣವಾದ ಏಣಿ. ಆದರೂ ಅಲ್ಲಿ ಇಂಥ ಜೋಡಿ ಹುದ್ದೆಯಲ್ಲಿರುವ ದಾದಿಯರು ಸಾವಿರಕ್ಕೆ ಒಬ್ಬರ ಆಸುಪಾಸು ಎಂಬ ಅಂದಾಜು ಚಾಲ್ತಿಯಲ್ಲಿತ್ತು. ತಜ್ಞ ವೈದ್ಯರಲ್ಲಿ ಈ ಪ್ರಮಾಣ ನೂರಕ್ಕೆ ನಾಲ್ಕೈದು. ರಾಷ್ಟ್ರೀಯ ಆರೋಗ್ಯ ಸೇವೆಗೆ 70 ವರ್ಷ ತುಂಬಿದ 2018ರಲ್ಲಿ 70 ಹಿರಿಯ ದಾದಿಯರು ಮತ್ತು ಸೂಲಗಿತ್ತಿಯರಿಗೆ ಮೂರು ವರ್ಷ, ವಾರಕ್ಕೆ ಎರಡು ದಿನ, ಸಂಶೋಧನೆಯ ನಾಯಕತ್ವಕ್ಕಾಗಿ ಬಿಡುವು ಕೊಡುವ ಯೋಜನೆ ಪ್ರಕಟವಾಯಿತು. ಕರ್ತವ್ಯಪಟ್ಟಿಯಲ್ಲೇ ದಿನವನ್ನು ಬರೆದುಕೊಟ್ಟದ್ದು ಇದರ ಹೆಚ್ಚುಗಾರಿಕೆ. ಅವಧಿ ಮುಗಿದ ಮೇಲೆ ಆ ಎರಡು ದಿನಗಳು ಯಾರ ಖರ್ಚಿನಲ್ಲಿ ಎಂಬುದನ್ನು ಮೊದಲೇ ಕಟ್ಟಿಕೊಡದಿದ್ದದ್ದು ಕೊರತೆ.

ನಮ್ಮಲ್ಲಿ

ಭಾರತದಲ್ಲಿ ಶುಶ್ರೂಷೆಯ ಪದವಿ ಶಿಕ್ಷಣ 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಆರಂಭವಾಯಿತು. ಸ್ನಾತಕೋತ್ತರ ಶಿಕ್ಷಣ 1959ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಪಿಎಚ್.ಡಿ.ಗೆ ದೇಶವ್ಯಾಪಿ ವ್ಯವಸ್ಥೆಯೊಂದು ಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತು 2000ರ ದಶಕದ ಮಧ್ಯಭಾಗದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ, ರಾಷ್ಟ್ರೀಯ ಒಕ್ಕೂಟವನ್ನು ರಚಿಸಿತು. ಅದರ ನೆಲೆ ನಮ್ಮ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಇದು ಹೆಮ್ಮೆಯ ಸಂಗತಿ. ಏಣಿಯ ಮೊದಲ ಮೆಟ್ಟಿಲು ನಮ್ಮಲ್ಲೂ ಇದೆ ಎಂದಾಯಿತು.

ಎರಡನೆಯ ಮೆಟ್ಟಿಲಿಗೆ ಕಾಲಿಡಲು ಹೋದರೆ ಕಾಣುವುದೇ ಬೇರೆ. ನಲವತ್ತೆರಡರಲ್ಲಿ ಪಿಎಚ್.ಡಿ. ಮುಗಿಸಿದ ಅಧ್ಯಾಪಕಿಯೊಬ್ಬರನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ತರಗತಿ, ಆಮೇಲೆ ವಿದ್ಯಾರ್ಥಿನಿಯರೊಂದಿಗೆ ವಾರ್ಡು. ಪರೀಕ್ಷೆ, ಮೌಲ್ಯಮಾಪನ, ತಪಾಸಣಾ ಸಮಿತಿಗೆ ಕಡತಗಳ ಸಿದ್ಧತೆ. ಪದವಿ ಬಂದದ್ದಕ್ಕೆ ಸಿಕ್ಕ ಬಹುಮಾನ ಎಂದರೆ ಉಪಪ್ರಾಂಶುಪಾಲರ ಹುದ್ದೆ. ಪ್ರಬಂಧ ಸಲ್ಲಿಸಿದ ದಿನವೇ ಅವರ ಸಂಶೋಧನೆ ಮುಗಿದಿರುತ್ತದೆ. ವೃತ್ತಿಯಲ್ಲಿ ವಿರಾಮ ಪಡೆದ ಮಹಿಳಾ ವಿಜ್ಞಾನಿಗಳಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲಿಯೇ ಯೋಜನೆ ರೂಪಿಸಿತು. ಅದು ದೂರದೃಷ್ಟಿಯ ಕೆಲಸ. ಆದರೆ ಈ ಅಧ್ಯಾಪಕಿ ವಿರಾಮದಲ್ಲಿಲ್ಲ. ಆಕೆಯ ತೊಂದರೆ ವಿರಾಮವೇ ಇಲ್ಲದಿರುವುದು.

ಆದರೂ ಆಕೆಯ ಸುತ್ತ ಒಂದು ಬಗೆಯ ಸಂಶೋಧನೆ ನಡೆದೇ ಇರುತ್ತದೆ. ಪ್ರತಿ ವರ್ಷ ಎಂ.ಎಸ್ಸಿ. ವಿದ್ಯಾರ್ಥಿಗಳು ಕಿರುಪ್ರಬಂಧ ಬರೆಯುತ್ತಾರೆ, ಮಾರ್ಗದರ್ಶಕಿ ಈಕೆ. ಅವುಗಳ ಶೀರ್ಷಿಕೆ ಈ ಕ್ಷೇತ್ರದ ಎಲ್ಲರಿಗೂ ಬಾಯಿಪಾಠ: ಇಂಥ ವಿಷಯದ ಬಗ್ಗೆ, ಆಯ್ದ ಜಾಗದ ಇಂಥವರ ತಿಳಿವಳಿಕೆಯ ಮೇಲೆ ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮ. ಮೊದಲು ಪ್ರಶ್ನಾವಳಿ, ಮುಕ್ಕಾಲು ಗಂಟೆ ಪಾಠ, ವಾರದ ನಂತರ ಅದೇ ಪ್ರಶ್ನಾವಳಿ. ಅಂಕ ಏರಿರುತ್ತದೆ. ಪಾಠ ಕೇಳಿದವರಿಗೆ ವಾರದ ಮಟ್ಟಿಗೆ ನೆನಪಿರುತ್ತದೆ ಎಂಬುದನ್ನು ಇನ್ನೆಷ್ಟು ಸಲ ಸಾಬೀತುಪಡಿಸಬೇಕು? ರೋಗಿಗೆ ಏನಾಯಿತು ಎಂಬ ಪ್ರಶ್ನೆ ಅಲ್ಲಿ ಅಪರೂಪ. ವರ್ಷಾಂತ್ಯದಲ್ಲಿ ಪ್ರಬಂಧ ಗ್ರಂಥಾಲಯದ ಕಪಾಟು ಸೇರುತ್ತದೆ. ಮುಂದಿನ ವರ್ಷ ಹೊಸ ವಿದ್ಯಾರ್ಥಿ, ಹೊಸ ವಿಷಯ.

ಇದಕ್ಕೆ ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಒಂದು ವರ್ಷದ ಕೆಲಸದಲ್ಲಿ ಅವರಿಗೆ ಇದಕ್ಕಿಂತ ದೂರ ಹೋಗಲಾಗದು. ಎಳೆಯನ್ನು ಮುಂದಕ್ಕೆ ಒಯ್ಯಬೇಕಾದವರು ಮಾರ್ಗದರ್ಶಕಿ. ಅವರಿಗೆ ಸ್ವಂತ ಸಂಶೋಧನೆಯ ಎಳೆಯೇ ಇಲ್ಲದಿರುವಾಗ ವಿದ್ಯಾರ್ಥಿಗಳ ಕೆಲಸ ಚೆಲ್ಲಾಪಿಲ್ಲಿಯಾಗುವುದು ಸಹಜ. ನಡುಮೆಟ್ಟಿಲು ಇಲ್ಲದ್ದರಿಂದ ಕೆಳಗಿನ ಮೆಟ್ಟಿಲೂ ಅಲುಗಾಡುತ್ತಿದೆ.

ಒಂದು ಲೆಕ್ಕ ಇದನ್ನು ಸ್ಪಷ್ಟಪಡಿಸಬಹುದು. ಕೇವಲ ಉದಾಹರಣೆಗಾಗಿ, ಒಂದು ವಾರ್ಡಿನಲ್ಲಿ ನೂರಕ್ಕೆ ಹತ್ತು ರೋಗಿಗಳಿಗೆ ಒತ್ತಡದ ಹುಣ್ಣು ಆಗುತ್ತದೆ, ಹೊಸ ಆರೈಕೆಯ ಕ್ರಮ ಅದನ್ನು ಅರ್ಧಕ್ಕೆ ಇಳಿಸುತ್ತದೆ ಎಂದುಕೊಳ್ಳೋಣ. ಒಬ್ಬ ವಿದ್ಯಾರ್ಥಿನಿ 60 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರೆ, ಹಳೆಯ ಕ್ರಮದ 30 ಜನರಲ್ಲಿ 3 ಮಂದಿಗೆ, ಹೊಸ ಕ್ರಮದ 30 ಜನರಲ್ಲಿ ಒಬ್ಬಿಬ್ಬರಿಗೆ ಹುಣ್ಣು ಕಾಣಬಹುದು. ಇದು ಆಕಸ್ಮಿಕವೋ ಪರಿಣಾಮವೋ ಹೇಳಲು ಬಾರದು. ಅದೇ ಮಾರ್ಗದರ್ಶಕಿಯ ಕೈಕೆಳಗೆ ವರ್ಷಕ್ಕೆ ಇಬ್ಬರಂತೆ ಹತ್ತು ವರ್ಷ, ಒಂದೇ ಮಾಪಕ, ಒಂದೇ ವ್ಯಾಖ್ಯೆ, ಮೊದಲೇ ಒಪ್ಪಿದ ಒಂದೇ ವಿಧಾನದಿಂದ ಕೆಲಸ ಮಾಡಿದರೆ 1,200 ರೋಗಿಗಳಾಗುತ್ತಾರೆ. ಒಂದೊಂದು ಗುಂಪಿನಲ್ಲಿ 600. ಹುಣ್ಣು 60 ಮಂದಿಗೆ, ಎದುರು ಗುಂಪಿನಲ್ಲಿ 30 ಮಂದಿಗೆ. ಈ ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಾಧ್ಯತೆ ಸಾವಿರಕ್ಕೆ ಒಂದರಷ್ಟು. ಇದೇ ಇಪ್ಪತ್ತು ಕಿರುಪ್ರಬಂಧಗಳು, ಇದೇ ಖರ್ಚು. ಹೆಚ್ಚು ಬೇಕಾದದ್ದು ಹತ್ತು ವರ್ಷ ಒಂದೇ ಪ್ರಶ್ನೆಯನ್ನು ಕೈಬಿಡದೆ ಹಿಡಿಯುವ ಒಬ್ಬ ಸಂಶೋಧಕಿ ಮತ್ತು ಆಕೆಗೆ ವಾರದಲ್ಲಿ ಒಂದೆರಡು ದಿನ. ವಿಧಾನ ಮೊದಲೇ ಒಂದಾಗಿರದಿದ್ದರೆ ಮಾತ್ರ ಇದು ಬರಿಯ ರಾಶಿಯಾದೀತು, ಸಂಶೋಧನೆಯಾಗದು.

ಒಂದು ಆಕ್ಷೇಪ

'ಹಣ ಕಡಿಮೆ ಇರುವಾಗ ಅದು ಎಳೆಯರಿಗೇ ಹೋಗಲಿ. ಹಿರಿಯರು ಹೇಗೋ ದಾರಿ ಕಂಡುಕೊಂಡಾರು' ಎಂಬ ವಾದವಿದೆ. ಇದರಲ್ಲಿ ಹುರುಳಿಲ್ಲದಿಲ್ಲ. ಮೊದಲ ಅವಕಾಶ ಸಿಗದವರು ಕ್ಷೇತ್ರವನ್ನೇ ಬಿಡುತ್ತಾರೆ. ಆದರೆ ಎಳೆಯರಿಗೆ ಕಲಿಸುವವರು ಯಾರು? ಪಿಎಚ್.ಡಿ. ವಿದ್ಯಾರ್ಥಿಗೆ ಬೇಕಾದದ್ದು ಸ್ವತಃ ಪ್ರಶ್ನೆಯೊಂದನ್ನು ಬೆನ್ನಟ್ಟುತ್ತಿರುವ ಗುರು. ಹಿಂದೆಂದೋ ಬೆನ್ನಟ್ಟಿ ಬಿಟ್ಟವರಲ್ಲ. ದಾದಿಯರಲ್ಲಿ ಡಾಕ್ಟರೇಟ್ ಪಡೆದವರ ಸಂಖ್ಯೆಯನ್ನು 2020ರೊಳಗೆ ಇಮ್ಮಡಿಗೊಳಿಸಬೇಕೆಂದು ಅಮೆರಿಕದ ತಜ್ಞರ ವರದಿಯೊಂದು 2010ರಲ್ಲಿ ಶಿಫಾರಸು ಮಾಡಿತು. ಸಂಖ್ಯೆ ಏರಿತು. ಆದರೆ ಏರಿಕೆಯ ಬಹುಪಾಲು ವೃತ್ತಿನಿರತರ ಡಾಕ್ಟರೇಟ್‌ನದು. ಅದರ ವಿದ್ಯಾರ್ಥಿಗಳು ಈಚಿನ ವರ್ಷಗಳಲ್ಲಿ ನಲವತ್ತು ಸಾವಿರದ ಆಸುಪಾಸು ಇದ್ದರೆ, ಸಂಶೋಧನೆಯ ಪಿಎಚ್.ಡಿ. ವಿದ್ಯಾರ್ಥಿಗಳು ಐದು ಸಾವಿರಕ್ಕಿಂತ ಕಡಿಮೆ, ಅದೂ ಇಳಿಮುಖ. ಪಿಎಚ್.ಡಿ.ಯ ಮುಂದೆ ಬಾಳುವ ದಾರಿ ಕಾಣದಿರುವುದು ಇದಕ್ಕೆ ಒಂದು ಕಾರಣವಾದರೂ ಇರಬೇಕೆಂದು ತರ್ಕಿಸಬಹುದು.

ಇನ್ನೊಂದು ಬಗೆಯ ಪರಿಹಾರದ ಬಗ್ಗೆಯೂ ಎಚ್ಚರ ಬೇಕು. ನಡುಘಟ್ಟದವರಿಗೆ ಏನಾದರೂ ಮಾಡಬೇಕೆಂದಾಗ ನಾವು ಕಾರ್ಯಾಗಾರ ಏರ್ಪಡಿಸುತ್ತೇವೆ. ಸಂಶೋಧನಾ ವಿಧಾನದ ಬಗ್ಗೆ ಎರಡು ದಿನ, ಪ್ರಮಾಣಪತ್ರ, ಊಟ. ಇಪ್ಪತ್ತು ವರ್ಷದ ಅನುಭವಿಗೆ ಇಂಥ ಪಾಠ ಹೇಳುವುದು ಈಜು ಬಲ್ಲವರಿಗೆ ದಡದಲ್ಲಿ ನಿಂತು ಈಜು ಕಲಿಸಿದಂತೆ. ಅವರಿಗೆ ಕೊರತೆಯಿರುವುದು ನೀರಿನದು.

ಏನು ಮಾಡಬಹುದು

ಮೊದಲನೆಯದು ಸಮಯ. ಪಿಎಚ್.ಡಿ. ಪಡೆದು ಸಂಶೋಧನೆ ಮುಂದುವರಿಸುವವರಿಗೆ ವಾರದಲ್ಲಿ ಎರಡು ದಿನವನ್ನು ವೇಳಾಪಟ್ಟಿಯಲ್ಲೇ ಬರೆದುಕೊಡಬೇಕು. ಆ ದಿನಗಳ ಬೋಧನೆಗೆ ಬದಲಿ ಅಧ್ಯಾಪಕರ ಸಂಬಳವನ್ನು ಅನುದಾನವೇ ಭರಿಸಬೇಕು. ಬಾಯಿಮಾತಿನ ಬಿಡುವು ಮೊದಲ ತಪಾಸಣೆಗೇ ಕರಗಿಹೋಗುತ್ತದೆ. ಎರಡನೆಯದು ಎರಡನೆಯ ಅನುದಾನ. ಐದು ವರ್ಷದ ಸಣ್ಣ ಮೊತ್ತ, ಕೆಲಸ ತೃಪ್ತಿಕರವಾಗಿದ್ದರೆ ಮತ್ತೆ ಐದು ವರ್ಷ. ಇದನ್ನು ಪ್ರಬಂಧಗಳ ಸಂಖ್ಯೆಯಿಂದ ಅಳೆಯಬಾರದು, ಪ್ರಶ್ನೆ ಎಷ್ಟು ಮುಂದೆ ಸಾಗಿತು ಎಂಬುದರಿಂದ ಅಳೆಯಬೇಕು. ಮೂರನೆಯದಾಗಿ, ವಯೋಮಿತಿ ಇರುವ ಕಡೆ ಹಾಸಿಗೆಯ ಪಕ್ಕದ ಸೇವೆಯ ವರ್ಷಗಳನ್ನು ಕಳೆದು ಲೆಕ್ಕ ಹಾಕಬೇಕು. ನಾಲ್ಕನೆಯದಾಗಿ, ಸಂಖ್ಯಾಶಾಸ್ತ್ರಜ್ಞರ ನೆರವು ಅಧ್ಯಯನದ ಕೊನೆಯಲ್ಲಲ್ಲ, ಮೊದಲಲ್ಲೇ ಸಿಗುವಂತಿರಬೇಕು. ಐದನೆಯದಾಗಿ, ಬಡ್ತಿ ಎಂದರೆ ಆಡಳಿತ ಎಂಬ ಒಂದೇ ದಾರಿಯ ಬದಲು, ಕಾಲೇಜಿನಲ್ಲೂ ಆಸ್ಪತ್ರೆಯಲ್ಲೂ ಸ್ಥಾನವಿರುವ ಜೋಡಿ ಹುದ್ದೆಯನ್ನು ಸೃಷ್ಟಿಸಬೇಕು. 1947ರ ಶುಶ್ರೂಷಾ ಪರಿಷತ್ ಕಾಯಿದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿದೆ. ನಿಯಮಗಳನ್ನು ಹೊಸದಾಗಿ ಬರೆಯುವ ಕಾಲವೇ ಇಂಥ ಮಾತುಗಳನ್ನು ಎತ್ತಲು ತಕ್ಕ ಕಾಲ.

ಇವುಗಳಲ್ಲಿ ಮೂರನೆಯದಕ್ಕೆ ಖರ್ಚೇ ಇಲ್ಲ. ಕಿರುಪ್ರಬಂಧಗಳನ್ನು ಒಂದೇ ಎಳೆಯಲ್ಲಿ ಪೋಣಿಸುವುದಕ್ಕೂ ಸರ್ಕಾರದ ಆದೇಶ ಬೇಕಿಲ್ಲ. ಒಂದು ಕಾಲೇಜಿನ ಅಧ್ಯಾಪಕರು ಕುಳಿತು ನಿಶ್ಚಯಿಸಿದರೆ ಸಾಕು. ಈ ಪತ್ರಿಕೆಯನ್ನು ಓದುವ ವಿಜ್ಞಾನ ಶಿಕ್ಷಕರಿಗೂ ಇದರಲ್ಲಿ ಪಾತ್ರವಿದೆ. ಶುಶ್ರೂಷೆಯ ಶಿಕ್ಷಣಕ್ಕೆ ಹೊರಟ ಪಿಯುಸಿ ವಿದ್ಯಾರ್ಥಿನಿಗೆ 'ಬೇಗ ಕೆಲಸ ಸಿಗುತ್ತದೆ' ಎಂದಷ್ಟೇ ಹೇಳಿ ಕಳುಹಿಸಬೇಡಿ. ಬ್ರೂಟನ್, ನೇಲರ್, ಏಕೆನ್, ಬ್ರೇಡನ್ ಅವರ ಹೆಸರುಗಳನ್ನೂ ಹೇಳಿ. ಅದೊಂದು ವಿಜ್ಞಾನ, ಅದರಲ್ಲಿ ಬಿಡಿಸದ ಪ್ರಶ್ನೆಗಳಿವೆ ಎಂದು ಆಕೆಗೆ ತಿಳಿದಿರಲಿ. ಇಪ್ಪತ್ತೈದು ವರ್ಷದ ನಂತರ ವಾರ್ಡಿನ ಅನುಭವವನ್ನು ಮಡಿಲಲ್ಲಿ ತುಂಬಿಕೊಂಡು ಆಕೆ ಸಂಶೋಧನೆಗೆ ತಿರುಗುವ ಹೊತ್ತಿಗಾದರೂ ಆ ನಡುಮೆಟ್ಟಿಲು ಅಲ್ಲಿರುವಂತೆ ನೋಡಿಕೊಳ್ಳುವುದು ಉಳಿದವರ ಹೊಣೆ.